ಒಂದೇ ಜೀನ್, ಊರಿಗೊಂದು ಲೆಕ್ಕ: ಅಲ್ಜೈಮರ್ ಅಪಾಯ ಯಾರಿಗೆ ಎಷ್ಟು?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ. ಬೋರ್ಡ್ ಮೇಲೆ ನಾಲ್ಕು ಸಂಖ್ಯೆ ಬರೆದಿದ್ದೇನೆ. 33, 15, 6, 2. ಇವತ್ತಿನ ಮಾತೆಲ್ಲ ಇವುಗಳ ಸುತ್ತಲೇ.

1997ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ ಲಿಂಡ್ಸೆ ಫ್ಯಾರರ್ ಮತ್ತು ಸಂಗಡಿಗರ ಒಂದು ಲೇಖನ ಬಂತು. ಅಲ್ಲಿಯವರೆಗೆ ಬೇರೆ ಬೇರೆ ಕಡೆ ನಡೆದ ಅಧ್ಯಯನಗಳನ್ನು ಅವರು ಒಂದೆಡೆ ಸೇರಿಸಿ ಲೆಕ್ಕ ಹಾಕಿದ್ದರು. ಅಪೊಇ ಅನ್ನುವ ಜೀನ್‌ನ ‘ಇ4’ ರೂಪ ಅಪ್ಪ, ಅಮ್ಮ ಇಬ್ಬರಿಂದಲೂ ಬಂದಿದ್ದರೆ ಅಲ್ಜೈಮರ್ ಅನ್ನುವ ಮರೆವಿನ ಕಾಯಿಲೆ ಬರುವ ಸಾಧ್ಯತೆ ಎಷ್ಟು ಪಟ್ಟು ಏರುತ್ತದೆ? ಇದು ಪ್ರಶ್ನೆ. ಜಪಾನಿನವರಲ್ಲಿ 33 ಪಟ್ಟು. ಯುರೋಪ್ ಮೂಲದ ಬಿಳಿಯರಲ್ಲಿ 15. ಆಫ್ರಿಕನ್ ಅಮೆರಿಕನ್ನರಲ್ಲಿ 6ಕ್ಕೂ ಸ್ವಲ್ಪ ಕಡಿಮೆ. ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಭಾಷಿಕ ಮೂಲದ ಜನರಲ್ಲಿ 2ರ ಆಸುಪಾಸು.

ಜೀನ್ ಒಂದೇ. ಅಕ್ಷರವೂ ಒಂದೇ. ಉತ್ತರ ಮಾತ್ರ 2ರಿಂದ 33ರವರೆಗೆ ಓಡಾಡುತ್ತಿದೆ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಈ ಸಂಖ್ಯೆಗಳು ಆಯಾ ಗುಂಪಿನೊಳಗಿನ ಹೋಲಿಕೆ. ಅದೇ ಗುಂಪಿನಲ್ಲಿ ಇ3 ಅನ್ನುವ ಸಾಮಾನ್ಯ ರೂಪ ಎರಡು ಇರುವವರ ಪಕ್ಕ ಇಟ್ಟು ನೋಡಿದ್ದು. ಹಾಗಾಗಿ ಜಪಾನಿನಲ್ಲಿ ಅಲ್ಜೈಮರ್ ಎಲ್ಲರಿಗಿಂತ ಜಾಸ್ತಿ ಅಂತ ಅರ್ಥ ಅಲ್ಲ. ಈ ಲೆಕ್ಕ ಆಗಾಗ ಪತ್ರಿಕೆಗಳಲ್ಲಿ ಕಾಣಿಸುತ್ತದೆ. ಯಾವಾಗಲೂ ಎಡವುವುದು ಇಲ್ಲೇ.

ಈಗ ಜೀನ್ ಹತ್ತಿರ ಹೋಗೋಣ. ಅಪೊಇ ನಮ್ಮ 19ನೇ ಕ್ರೋಮೋಸೋಮ್ ಮೇಲಿದೆ. ಅದು ಮಾಡಿಸುವ ಪ್ರೋಟೀನ್ 299 ಅಮೈನೋ ಆಮ್ಲಗಳ ಸರ. ಕೊಬ್ಬು, ಕೊಲೆಸ್ಟ್ರಾಲ್ ಸಾಗಿಸುವುದು ಅದರ ಕೆಲಸ. ಮೆದುಳಿನಲ್ಲಿ ಅದನ್ನು ಹೆಚ್ಚಾಗಿ ತಯಾರಿಸುವುದು ಆಸ್ಟ್ರೋಸೈಟ್ ಅನ್ನುವ ಪೋಷಕ ಕೋಶಗಳು. ಈ ಸರದ 112ನೇ ಜಾಗ ನೋಡಿ. ಅಲ್ಲಿ ಡಿಎನ್ಎ ಅಕ್ಷರಗಳು ಟಿ-ಜಿ-ಸಿ ಅಂತ ಇದ್ದರೆ ಸಿಸ್ಟೀನ್ ಬರುತ್ತದೆ. ಮೊದಲ ಟಿ ಹೋಗಿ ಸಿ ಬಂದರೆ, ಅಂದರೆ ಸಿ-ಜಿ-ಸಿ ಆದರೆ, ಆರ್ಜಿನೈನ್ ಬರುತ್ತದೆ. ಇ3 ಮತ್ತು ಇ4 ನಡುವಿನ ವ್ಯತ್ಯಾಸ ಇಷ್ಟೇ. ಒಂದು ಅಕ್ಷರ. 158ನೇ ಜಾಗದಲ್ಲಿ ಇನ್ನೊಂದು ಬದಲಾವಣೆ ಆದರೆ ಇ2. ಅದು ಅಲ್ಜೈಮರ್ ಅಪಾಯವನ್ನು ತಗ್ಗಿಸುವ ರೂಪ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ನಮ್ಮೆಲ್ಲರ ಹತ್ತಿರ ಎರಡೆರಡು ಪ್ರತಿ ಇರುತ್ತದೆ.

1993ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಅಲೆನ್ ರೋಸಸ್ ಅವರ ತಂಡ ಇ4ಗೂ ಅಲ್ಜೈಮರ್‌ಗೂ ನಂಟಿದೆ ಎಂದು ತೋರಿಸಿತು. ಎಲಿಜಬೆತ್ ಕಾರ್ಡರ್ ಮೊದಲ ಲೇಖಕಿಯಾಗಿದ್ದ ಪ್ರಬಂಧದಲ್ಲಿ 42 ಕುಟುಂಬಗಳಿದ್ದವು. ಇ4 ಇಲ್ಲದವರಲ್ಲಿ ಕಾಯಿಲೆ ಶುರುವಾಗುವ ಸರಾಸರಿ ವಯಸ್ಸು 84. ಎರಡು ಇ4 ಇದ್ದವರಲ್ಲಿ 68. ಹದಿನಾರು ವರ್ಷದ ಅಂತರ! ವೃದ್ಧಾಪ್ಯದ ಅಲ್ಜೈಮರ್‌ಗೆ ಇಷ್ಟು ಬಲವಾದ ಸಾಮಾನ್ಯ ಜೀನ್ ಇವತ್ತಿಗೂ ಇನ್ನೊಂದು ಸಿಕ್ಕಿಲ್ಲ. ಆದರೆ ಆ ಕುಟುಂಬಗಳೂ, ಆಮೇಲೆ ಬಂದ ಅಧ್ಯಯನಗಳಲ್ಲಿ ಬಹುಪಾಲೂ, ಯುರೋಪ್ ಮೂಲದವರದ್ದು. ಅಲ್ಲಿಂದ ಬಂದ ಸಂಖ್ಯೆ ‘ಇ4ನ ಅಪಾಯ’ ಅಂತಲೇ ಪುಸ್ತಕಗಳಲ್ಲಿ ಕೂತುಬಿಟ್ಟಿತು. ನಾನು ಇವತ್ತು ಹೇಳಬೇಕೆಂದಿರುವುದು ಒಂದೇ ಮಾತು. ಆ ಸಂಖ್ಯೆ ಜೀನ್‌ದಲ್ಲ. ಆ ಜನರಲ್ಲಿ, ಆ ಬದುಕಿನಲ್ಲಿ ಆ ಜೀನ್ ನಡೆದುಕೊಂಡ ರೀತಿಯದು.

ಇಬಾದಾನ್ ಮತ್ತು ಇಂಡಿಯಾನಾಪೊಲಿಸ್

ಈ ವಿಷಯದಲ್ಲಿ ನನಗೆ ಅತ್ಯಂತ ಗೌರವ ಇರುವ ಕೆಲಸ ಇದು. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೈಜೀರಿಯಾದ ಇಬಾದಾನ್‌ನಲ್ಲಿ ಬೆಂಜಮಿನ್ ಒಸುಂಟೊಕುನ್ ಅನ್ನುವ ನರರೋಗ ತಜ್ಞರಿದ್ದರು. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಹ್ಯೂ ಹೆಂಡ್ರಿ ಅನ್ನುವ ಮನೋವೈದ್ಯರು. 1990ರ ದಶಕದ ಆರಂಭದಲ್ಲಿ ಇಬ್ಬರ ತಂಡಗಳೂ ಕೂಡಿ ಒಂದು ಅಧ್ಯಯನ ಶುರು ಮಾಡಿದವು. ಇಬಾದಾನ್‌ನಲ್ಲಿ ಯೊರುಬಾ ಜನ, ಇಂಡಿಯಾನಾಪೊಲಿಸ್‌ನಲ್ಲಿ ಆಫ್ರಿಕನ್ ಅಮೆರಿಕನ್ನರು. ಎರಡೂ ಕಡೆ 65 ದಾಟಿದ ಎರಡು ಸಾವಿರಕ್ಕೂ ಹೆಚ್ಚು ಮಂದಿ. ಪರೀಕ್ಷೆಯೂ ಒಂದೇ, ರೋಗ ಗುರುತಿಸುವ ನಿಯಮವೂ ಒಂದೇ.

ಯಾಕೆ ಈ ಎರಡು ಗುಂಪು? ಪಶ್ಚಿಮ ಆಫ್ರಿಕಾದಿಂದ ಗುಲಾಮರನ್ನಾಗಿ ಹಡಗು ತುಂಬಿಸಿ ಅಮೆರಿಕಕ್ಕೆ ಎಳೆದೊಯ್ದ ಜನರ ಮೊಮ್ಮಕ್ಕಳ ಮೊಮ್ಮಕ್ಕಳು ಇಂಡಿಯಾನಾಪೊಲಿಸ್‌ನಲ್ಲಿದ್ದಾರೆ. ಹಿಂದೆ ಉಳಿದವರ ಸಂತತಿ ಇಬಾದಾನ್ ಕಡೆ ಇದೆ. ವಂಶದ ಬೇರು ಬಹುಮಟ್ಟಿಗೆ ಒಂದೇ. ಬದುಕು ಮಾತ್ರ ಪೂರ್ತಿ ಬೇರೆ. ಜೀನ್ ಎಷ್ಟು, ಬದುಕು ಎಷ್ಟು ಅಂತ ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ.

ಇನ್ನೊಂದು ಜಾಣತನ ಇದರಲ್ಲಿದೆ. ಒಂದು ಊರಿನಲ್ಲಿ ಇವತ್ತು ಎಷ್ಟು ರೋಗಿಗಳಿದ್ದಾರೆ ಅಂತ ಎಣಿಸಿದರೆ ಸಾಲದು. ಬಡ ಊರಿನಲ್ಲಿ ರೋಗಿಗಳು ಬೇಗ ತೀರಿಕೊಂಡರೆ ರೋಗವೇ ಕಡಿಮೆ ಅನ್ನಿಸಿಬಿಡುತ್ತದೆ. ಅದಕ್ಕೆ ಇವರು ಆರೋಗ್ಯವಾಗಿದ್ದವರನ್ನೇ ವರ್ಷಗಟ್ಟಲೆ ಹಿಂಬಾಲಿಸಿ, ಹೊಸದಾಗಿ ಎಷ್ಟು ಜನಕ್ಕೆ ಬಂತು ಅಂತ ನೋಡಿದರು.

2001ರಲ್ಲಿ ಫಲಿತಾಂಶ ಬಂತು. ಇಂಡಿಯಾನಾಪೊಲಿಸ್‌ನಲ್ಲಿ ವರ್ಷಕ್ಕೆ ನೂರರಲ್ಲಿ 2.52 ಜನಕ್ಕೆ ಹೊಸದಾಗಿ ಅಲ್ಜೈಮರ್. ಇಬಾದಾನ್‌ನಲ್ಲಿ 1.15. ಅರ್ಧಕ್ಕೂ ಕಡಿಮೆ!

ಹಾಗಾದರೆ ಯೊರುಬಾ ಜನರಲ್ಲಿ ಇ4 ಅಪರೂಪ ಇರಬೇಕು ಅಲ್ವಾ? ಇಲ್ಲ. ಅವರಲ್ಲಿ ಇ4 ಧಾರಾಳವಾಗಿದೆ. ಆದರೆ ಆ ಅಧ್ಯಯನದ ಮೊದಲ ಸುತ್ತುಗಳಲ್ಲಿ ಇ4ಗೂ ಅಲ್ಜೈಮರ್‌ಗೂ ಅವರಲ್ಲಿ ನಂಟೇ ಕಾಣಲಿಲ್ಲ. ವರ್ಷಗಳು ಕಳೆದು, ಹೆಚ್ಚು ಜನರನ್ನು ಸೇರಿಸಿದ ಮೇಲೆ, ಎರಡು ಇ4 ಇದ್ದವರಲ್ಲಿ ಮಾತ್ರ ಸ್ವಲ್ಪ ನಂಟು ಹೊರಬಂತು.

ಇಬಾದಾನ್‌ನ ಹಿರಿಯರಲ್ಲಿ ಬಿಪಿ ಕಡಿಮೆ, ಸಕ್ಕರೆ ಕಾಯಿಲೆ ಕಡಿಮೆ, ಕೊಲೆಸ್ಟ್ರಾಲ್ ಕಡಿಮೆ. ಊಟದಲ್ಲಿ ಗೆಣಸಿನ ಜಾತಿಯ ಗಡ್ಡೆಗಳು, ಕಾಳು, ಸೊಪ್ಪು. ಕೊಲೆಸ್ಟ್ರಾಲ್ ವಿಷಯದಲ್ಲಿ ಒಂದು ಸೂಕ್ಷ್ಮವೂ ಕಂಡಿತು. ಕೊಲೆಸ್ಟ್ರಾಲ್ ಏರಿದಂತೆ ಅಲ್ಜೈಮರ್ ಅಪಾಯ ಏರಿದ್ದು ಇ4 ಇಲ್ಲದವರಲ್ಲಿ. ಇ4 ಇದ್ದವರಲ್ಲಿ ಆ ನಂಟು ಕಾಣಲಿಲ್ಲ. ಅಂದರೆ ಜೀನ್ ಮತ್ತು ಊಟ ಬೇರೆ ಬೇರೆ ಖಾತೆಯಲ್ಲಿ ಕೂರುವುದಿಲ್ಲ. ಒಂದರ ಲೆಕ್ಕವನ್ನು ಇನ್ನೊಂದು ಬದಲಿಸುತ್ತಿರುತ್ತದೆ.

ಇಲ್ಲಿ ಎರಡು ಮಾತನ್ನು ಬೇರೆ ಮಾಡಿ ಇಟ್ಟುಕೊಳ್ಳಬೇಕು. ಒಂದು ಜನಾಂಗದಲ್ಲಿ ಇ4 ಎಷ್ಟು ಜನರಲ್ಲಿದೆ ಅನ್ನುವುದು ಒಂದು ಪ್ರಶ್ನೆ. ಇದ್ದವರಿಗೆ ಅದು ಎಷ್ಟು ಹಾನಿ ಮಾಡುತ್ತದೆ ಅನ್ನುವುದು ಇನ್ನೊಂದು. ಮಧ್ಯ ಆಫ್ರಿಕಾದ ಕಾಡಿನ ಪಿಗ್ಮಿಗಳಲ್ಲಿ, ಪಪುವಾ ನ್ಯೂಗಿನಿಯಲ್ಲಿ, ಉತ್ತರ ಯುರೋಪಿನ ಸಾಮಿ ಜನರಲ್ಲಿ ಇ4 ಬಹಳ ಜಾಸ್ತಿ. ಯುರೋಪಿನಲ್ಲಿ ಉತ್ತರದಿಂದ ದಕ್ಷಿಣಕ್ಕೆ ಇಳಿದ ಹಾಗೆ ಕಡಿಮೆಯಾಗುತ್ತಾ, ಮೆಡಿಟರೇನಿಯನ್ ತೀರದಲ್ಲಿ ತೀರಾ ಕಮ್ಮಿ. ಮನುಷ್ಯರಲ್ಲಿ ಮೊದಲು ಇದ್ದದ್ದೇ ಇ4, ಇ3 ಆಮೇಲೆ ಬಂದದ್ದು. ಹಾಗಾಗಿ ಇ4 ಅನ್ನು ‘ಕೆಟ್ಟುಹೋದ ಜೀನ್’ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಬೊಲಿವಿಯಾದ ಸಿಮಾನೆ ಅನ್ನುವ ಆದಿವಾಸಿಗಳಲ್ಲಿ, ಮೈಯಲ್ಲಿ ಜಂತುಹುಳುವಿನಂಥ ಪರಾವಲಂಬಿಗಳ ಹೊರೆ ಜಾಸ್ತಿ ಇದ್ದವರಲ್ಲಿ, ಇ4 ಇದ್ದವರ ಬುದ್ಧಿಶಕ್ತಿಯೇ ಚೆನ್ನಾಗಿ ಉಳಿದಿತ್ತು. 2017ರ ಅಧ್ಯಯನ ಅದು. ಲಕ್ಷಾಂತರ ವರ್ಷ ಮನುಷ್ಯ ಬದುಕಿದ್ದು ಆ ಥರದ ಪರಿಸರದಲ್ಲೇ.

ಅಪಾಯ ಜಾಸ್ತಿ, ಇ4ನ ಪಾಲು ಕಡಿಮೆ

ಅಮೆರಿಕದಲ್ಲಿ ಹಿರಿಯ ಆಫ್ರಿಕನ್ ಅಮೆರಿಕನ್ನರಿಗೆ ಡಿಮೆನ್ಶಿಯಾ, ಅಂದರೆ ಅಲ್ಜೈಮರ್ ಸೇರಿದ ಮರೆವಿನ ಕಾಯಿಲೆಗಳು, ಬರುವುದು ಬಿಳಿಯರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಆದರೆ ಅವರಲ್ಲಿ ಇ4ನ ಏಟು ಕಡಿಮೆ. ಇದು ಹೇಗೆ?

1998ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮಿಂಗ್-ಶಿನ್ ಟ್ಯಾಂಗ್, ರಿಚರ್ಡ್ ಮೇಯೂ ಮತ್ತಿತರರು ನ್ಯೂಯಾರ್ಕ್‌ನ ಉತ್ತರ ಮ್ಯಾನ್‌ಹ್ಯಾಟನ್‌ನಲ್ಲಿ ಇದನ್ನೇ ನೋಡಿದರು. ಒಂದೇ ಪ್ರದೇಶದಲ್ಲಿ ಬಿಳಿಯರು, ಕಪ್ಪು ಜನ, ಡೊಮಿನಿಕನ್ ರಿಪಬ್ಲಿಕ್ ಕಡೆಯಿಂದ ಬಂದ ಹಿಸ್ಪಾನಿಕ್ ಜನ ಒಟ್ಟಿಗೆ ಇದ್ದಾರೆ. ಇ4 ಇದ್ದವರಲ್ಲಿ 90 ವರ್ಷದೊಳಗೆ ಅಲ್ಜೈಮರ್ ಬರುವ ಸಾಧ್ಯತೆ ಮೂರೂ ಗುಂಪುಗಳಲ್ಲಿ ಒಂದೇ ಥರ ಇತ್ತು. ಇ4 ಇಲ್ಲದವರಲ್ಲಿ ಮಾತ್ರ ವ್ಯತ್ಯಾಸ. ಬಿಳಿಯರಿಗಿಂತ ಆಫ್ರಿಕನ್ ಅಮೆರಿಕನ್ನರಿಗೆ ನಾಲ್ಕು ಪಟ್ಟು, ಹಿಸ್ಪಾನಿಕ್ ಜನರಿಗೆ ಎರಡು ಪಟ್ಟು. ಬೇರೆ ಕಾರಣಗಳಿಂದಲೇ ಅಪಾಯ ಅಷ್ಟು ಏರಿ ಕೂತಿರುವಾಗ, ಇ4 ಹೆಚ್ಚಿಗೆ ಸೇರಿಸುವ ಪಾಲು ಚಿಕ್ಕದಾಗಿ ಕಾಣುವುದು ಸಹಜ.

ಆ ಬೇರೆ ಕಾರಣಗಳಲ್ಲಿ ಒಂದಿಷ್ಟು ಜೀನ್‌ಗಳಿವೆ. 2013ರಲ್ಲಿ ಕ್ರಿಸ್ಟಿಯಾನ್ ರೈಟ್ಸ್ ಅವರ ತಂಡ ಎಬಿಸಿಎ7 ಅನ್ನುವ ಜೀನ್‌ನ ಒಂದು ರೂಪ ಆಫ್ರಿಕನ್ ಅಮೆರಿಕನ್ನರಲ್ಲಿ ಅಪಾಯವನ್ನು ಸುಮಾರು 1.8 ಪಟ್ಟು ಮಾಡುತ್ತದೆ ಎಂದು ತೋರಿಸಿತು. ಅವರಲ್ಲಿ ಇ4 ಮಾಡುವಷ್ಟೇ ಕೆಲಸ ಇದೂ ಮಾಡುತ್ತದೆ. ಬಿಳಿಯರಲ್ಲಿ ಎಬಿಸಿಎ7ನ ಪಾತ್ರ ಇದಕ್ಕಿಂತ ಸಣ್ಣದು. ಆದರೆ ಎಲ್ಲವೂ ಜೀನ್ ಅಲ್ಲ. ಶಾಲೆ ಸರಿಯಾಗಿ ಸಿಗದಿದ್ದದ್ದು, ಬಿಪಿಗೆ ಔಷಧ ಸಿಗದಿದ್ದದ್ದು, ಒಳ್ಳೆಯ ಬಡಾವಣೆಯಲ್ಲಿ ಮನೆ ಮಾಡಲು ಬಿಡದಿದ್ದದ್ದು. ಇವೆಲ್ಲ ಮೆದುಳಿನ ಮೇಲೆ ಲೆಕ್ಕ ಬರೆಯುತ್ತವೆ. ಇಬಾದಾನ್ ಮತ್ತು ಇಂಡಿಯಾನಾಪೊಲಿಸ್ ನಡುವಿನ ಅಂತರ ಹೇಳುವುದೂ ಅದನ್ನೇ. ಇದನ್ನು ಬಿಟ್ಟು ‘ಜನಾಂಗದ ಜೀನ್’ ಅಂತ ಮಾತು ಮುಗಿಸುವವರ ಬಗ್ಗೆ ನನಗೆ ತಕರಾರಿದೆ.

ಮನೆ ಒಂದೇ, ಬೀದಿ ಬೇರೆ

ಹಾಗಿದ್ದರೂ ಇ4ನ ಬಲವೇ ಯಾಕೆ ಬೇರೆ ಅನ್ನುವ ಪ್ರಶ್ನೆ ಉಳಿಯಿತು. ಬರೀ ಪರಿಸರವೋ, ಜೀನ್‌ನ ಹತ್ತಿರದಲ್ಲೇ ಏನಾದರೂ ಇದೆಯೋ?

ಇದಕ್ಕೆ ಒಳ್ಳೆಯ ಉತ್ತರ ಬಂದದ್ದು ಮಯಾಮಿ ವಿಶ್ವವಿದ್ಯಾಲಯದಿಂದ. ಪ್ಯೂರ್ಟೊ ರಿಕೊದ ಜನರಲ್ಲಿ ಯುರೋಪ್, ಆಫ್ರಿಕಾ, ಅಮೆರಿಕದ ಮೂಲನಿವಾಸಿಗಳು, ಮೂರೂ ಕಡೆಯ ರಕ್ತ ಬೆರೆತಿದೆ. ಆಫ್ರಿಕನ್ ಅಮೆರಿಕನ್ನರಲ್ಲೂ ಯುರೋಪಿನ ಪಾಲು ಇದೆ. ಹೀಗೆ ಬೆರೆತ ಜನರಲ್ಲಿ ಕ್ರೋಮೋಸೋಮ್‌ನ ಒಂದು ತುಂಡು ಆಫ್ರಿಕಾದಿಂದ ಬಂದಿದ್ದರೆ ಪಕ್ಕದ ತುಂಡು ಯುರೋಪಿನಿಂದ ಬಂದಿರಬಹುದು. ಇ4 ಅನ್ನು ಒಂದು ಮನೆ ಅಂದುಕೊಳ್ಳಿ. ಅದರ ಅಕ್ಕಪಕ್ಕದ ಡಿಎನ್ಎ ಒಂದು ಬೀದಿ. ಮನೆ ಒಂದೇ ಥರ ಕಟ್ಟಿದ್ದರೂ ಕೆಲವರಲ್ಲಿ ಅದು ಆಫ್ರಿಕಾದ ಬೀದಿಯಲ್ಲಿದೆ, ಕೆಲವರಲ್ಲಿ ಯುರೋಪಿನ ಬೀದಿಯಲ್ಲಿ.

ಫರೀದ್ ರಜಬ್ಲಿ, ಮಾರ್ಗರೆಟ್ ಪೆರಿಕಾಕ್-ವಾನ್ಸ್ ಮತ್ತಿತರರು 2018ರಲ್ಲಿ ಈ ಬೀದಿಯನ್ನೇ ನೋಡಿದರು. ಆಫ್ರಿಕಾದ ಬೀದಿಯಲ್ಲಿರುವ ಇ4 ಕಡಿಮೆ ಅಪಾಯಕಾರಿ. ಯುರೋಪಿನ ಬೀದಿಯದ್ದು ಹೆಚ್ಚು. ವ್ಯಕ್ತಿಯ ಮೈಬಣ್ಣ ಏನು, ಒಟ್ಟು ವಂಶಾವಳಿಯಲ್ಲಿ ಆಫ್ರಿಕಾ ಎಷ್ಟು ಪಾಲು ಅನ್ನುವುದಕ್ಕಿಂತ 19ನೇ ಕ್ರೋಮೋಸೋಮ್‌ನ ಆ ಒಂದು ತುಂಡು ಎಲ್ಲಿಂದ ಬಂತು ಅನ್ನುವುದೇ ಮುಖ್ಯ. 2021ರಲ್ಲಿ ಅದೇ ಗುಂಪು ತೀರಿಕೊಂಡ ರೋಗಿಗಳ ಮೆದುಳಿನ ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿತು. ಯುರೋಪ್ ಮೂಲದ ತುಂಡಿನಲ್ಲಿದ್ದ ಇ4 ಹೆಚ್ಚು ಪ್ರೋಟೀನ್‌ಗೆ ಆದೇಶ ಕೊಡುತ್ತಿತ್ತು. ಆಫ್ರಿಕಾ ಮೂಲದ್ದು ಕಡಿಮೆ.

ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಆ ಬೀದಿಯಲ್ಲಿ ಇ4ನ ಕೈ ಕಟ್ಟುತ್ತಿರುವುದು ಯಾವ ತುಣುಕು ಅಂತ ಗೊತ್ತಾದರೆ, ಅದನ್ನೇ ಔಷಧವಾಗಿ ಮಾಡುವ ದಾರಿ ತೆರೆಯುತ್ತದೆ. ಎಲ್ಲರಿಗೂ, ಯಾವ ದೇಶದವರಿಗೇ ಆಗಲಿ. ಬರೀ ಬಿಳಿಯರನ್ನೇ ನೋಡುತ್ತಿದ್ದಿದ್ದರೆ ಆ ತುಣುಕು ಇದೆ ಅಂತಲೇ ತಿಳಿಯುತ್ತಿರಲಿಲ್ಲ.

ಇದೇ ಥರ ಕುಟುಂಬಗಳಿಂದಲೂ ಕಲಿತಿದ್ದೇವೆ. ಕೊಲಂಬಿಯಾ ದೇಶದ ಆಂಟಿಯೋಕಿಯಾ ಗುಡ್ಡಗಾಡಿನಲ್ಲಿ ಒಂದು ದೊಡ್ಡ ಬಳಗವಿದೆ. ಪ್ರೆಸೆನಿಲಿನ್-1 ಜೀನ್‌ನಲ್ಲಿ ಒಂದೇ ಪೂರ್ವಜರಿಂದ ಇಳಿದು ಬಂದ ದೋಷ. ಅದು ಇದ್ದವರಿಗೆ ನಲವತ್ತೈದರ ಆಸುಪಾಸಿನಲ್ಲೇ ಮರೆವು ಶುರು. ಡಾ. ಫ್ರಾನ್ಸಿಸ್ಕೊ ಲೊಪೇರಾ ತಮ್ಮ ಜೀವನವನ್ನೇ ಈ ಬಳಗಕ್ಕೆ ಕೊಟ್ಟರು. 2024ರಲ್ಲಿ ತೀರಿಕೊಂಡರು. ಆ ಬಳಗದ ಒಬ್ಬ ಮಹಿಳೆಗೆ ಎಪ್ಪತ್ತು ದಾಟುವವರೆಗೂ ಕಾಯಿಲೆ ಬರಲಿಲ್ಲ. ಅಲ್ಜೈಮರ್ ರೋಗಿಗಳ ಮೆದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಅನ್ನುವ ಪ್ರೋಟೀನ್ ಅವರ ಮೆದುಳಿನಲ್ಲೂ ತುಂಬಿತ್ತು, ಆದರೆ ಟೌ ಅನ್ನುವ ಇನ್ನೊಂದು ಪ್ರೋಟೀನ್‌ನ ಗಂಟು ಕಡಿಮೆ. ಅವರಲ್ಲಿ ಅಪೊಇ ಜೀನ್‌ನ ‘ಕ್ರೈಸ್ಟ್‌ಚರ್ಚ್’ ಅನ್ನುವ ಅಪರೂಪದ ಬದಲಾವಣೆ ಎರಡೂ ಪ್ರತಿಯಲ್ಲಿತ್ತು. 2019ರಲ್ಲಿ ಇದು ಪ್ರಕಟವಾಯಿತು. ಐಸ್‌ಲ್ಯಾಂಡ್‌ನದ್ದೂ ಇಂಥದ್ದೇ ಕಥೆ. ಅಮಿಲಾಯ್ಡ್‌ಗೆ ಮೂಲವಾದ ಎಪಿಪಿ ಜೀನ್‌ನ 673ನೇ ಜಾಗದಲ್ಲಿ ಅಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಇರುವ ಬದಲಾವಣೆ ಅಲ್ಜೈಮರ್‌ನಿಂದ ಕಾಪಾಡುತ್ತದೆ. ಉತ್ತರ ಯುರೋಪ್ ಬಿಟ್ಟರೆ ಬೇರೆ ಕಡೆ ಅದು ಸಿಗುವುದೇ ಅಪರೂಪ.

ನಮ್ಮ ಕಡೆ

ಈಗ ಭಾರತಕ್ಕೆ ಬರೋಣ. ನಮ್ಮಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಜನಕ್ಕೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ ಅಂತ ಲಾಸಿ-ಡ್ಯಾಡ್ ಅನ್ನುವ ರಾಷ್ಟ್ರಮಟ್ಟದ ಅಧ್ಯಯನ 2023ರಲ್ಲಿ ಅಂದಾಜು ಮಾಡಿತು.

ಜೀನ್ ಬಗ್ಗೆ ನಮ್ಮಲ್ಲಿ ಆದ ಹಳೆಯ, ಒಳ್ಳೆಯ ಕೆಲಸ ಹರಿಯಾಣದ ಬಲ್ಲಭಗಢದ್ದು. ವಿಜಯ್ ಚಂದ್ರ, ಮೇರಿ ಗಂಗೂಲಿ ಮತ್ತಿತರರು ಅಲ್ಲಿನ ಹಳ್ಳಿಗಳಲ್ಲಿ 55 ದಾಟಿದ ಐದು ಸಾವಿರ ಜನರನ್ನು ನೋಡಿದರು. ಅಮೆರಿಕದ ಪೆನ್ಸಿಲ್ವೇನಿಯಾದ ಮೊನಾಂಗಹೀಲಾ ಕಣಿವೆಯ ಜನರೊಂದಿಗೆ ಹೋಲಿಸಿದರು. ಬಲ್ಲಭಗಢದವರಲ್ಲಿ ನೂರಕ್ಕೆ 73 ಮಂದಿ ಶಾಲೆ ಕಂಡವರಲ್ಲ. ಅಂಥವರ ನೆನಪು, ಬುದ್ಧಿ ಅಳೆಯುವುದು ಹೇಗೆ? ಅಮೆರಿಕದ ಪರೀಕ್ಷೆಯಲ್ಲಿ ‘ಕಣ್ಣು ಮುಚ್ಚಿ’ ಅಂತ ಬರೆದ ಚೀಟಿ ತೋರಿಸಿ, ಓದಿ ಹಾಗೇ ಮಾಡಿ ಅನ್ನುತ್ತಾರೆ. ಇಲ್ಲಿ ಪರೀಕ್ಷಕರು ‘ನನ್ನ ಮುಖ ನೋಡಿ, ನಾನು ಮಾಡಿದ ಹಾಗೆ ಮಾಡಿ’ ಅಂತ ಹೇಳಿ ತಾವೇ ಕಣ್ಣು ಮುಚ್ಚಿದರು. ಅಲ್ಲಿ ನೂರರಿಂದ ಏಳೇಳು ಕಳೆಯುತ್ತಾ ಹೋಗಬೇಕು. ಇಲ್ಲಿ ವಾರದ ಹೆಸರುಗಳನ್ನು ಹಿಂದಿನಿಂದ ಹೇಳಿಸಿದರು. ಅಲ್ಲಿ ಒಂದು ವಾಕ್ಯ ಬರೆಯಬೇಕು. ಇಲ್ಲಿ ನಿಮ್ಮ ಮನೆ ಬಗ್ಗೆ ಏನಾದರೂ ಹೇಳಿ ಅಂತ ಕೇಳಿದರು. ಅಕ್ಷರ ಬಾರದ ಅಜ್ಜಿಯನ್ನು ಸುಮ್ನೆ ರೋಗಿ ಅಂತ ಬರೆದುಕೊಳ್ಳದೆ ಇರುವುದಕ್ಕೆ ಇಷ್ಟು ಕಾಳಜಿ ಬೇಕು.

ಜೀನ್ ಪ್ರತಿಗಳನ್ನು ಎಣಿಸಿದರೆ ಇ4 ಬಲ್ಲಭಗಢದಲ್ಲಿ ನೂರಕ್ಕೆ 7, ಪೆನ್ಸಿಲ್ವೇನಿಯಾದಲ್ಲಿ 11. ವರ್ಷಕ್ಕೆ ಸಾವಿರ ಹಿರಿಯರಲ್ಲಿ ಹೊಸದಾಗಿ ಅಲ್ಜೈಮರ್ ಬಂದದ್ದು ಇಲ್ಲಿ 4.7 ಜನಕ್ಕೆ, ಅಲ್ಲಿ 17.5. ಆದರೆ ಇ4 ಇದ್ದವರಿಗೆ ಅದು ಮಾಡುವ ಹಾನಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಇಬಾದಾನ್‌ಗೂ ಬಲ್ಲಭಗಢಕ್ಕೂ ಇರುವ ವ್ಯತ್ಯಾಸ ಗಮನಿಸಿ. ಎರಡೂ ಕಡೆ ಕಾಯಿಲೆ ಕಡಿಮೆ. ಇಬಾದಾನ್‌ನಲ್ಲಿ ಇ4 ಜಾಸ್ತಿ, ಬಲ ಕಡಿಮೆ. ಬಲ್ಲಭಗಢದಲ್ಲಿ ಇ4 ಕಡಿಮೆ, ಬಲ ಇದೆ. 7 ಮತ್ತು 11ರ ವ್ಯತ್ಯಾಸದಿಂದ ಮಾತ್ರ ಕಾಯಿಲೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುವುದಿಲ್ಲ ಅನ್ನುವುದೂ ಸ್ಪಷ್ಟ.

ಬಲ್ಲಭಗಢದ ಉತ್ತರವನ್ನು ಹಾಗೇ ತಂದು ಕೋಲಾರಕ್ಕೋ ಕೊಡಗಿಗೋ ಅಂಟಿಸಬಹುದಾ? ಆಗುವುದಿಲ್ಲ. ಕಾರಣ ನಮ್ಮ ಮದುವೆ ಪದ್ಧತಿ. ಸುಮಾರು 1,900 ವರ್ಷಗಳಿಂದ ನಾವು ಜಾತಿಯೊಳಗೇ ಹೆಣ್ಣು ಕೊಟ್ಟು ತಂದು ಮಾಡುತ್ತಿದ್ದೇವೆ. 2017ರಲ್ಲಿ ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ಕೆ. ತಂಗರಾಜ್ ಮತ್ತು ಹಾರ್ವರ್ಡ್‌ನ ಡೇವಿಡ್ ರೀಕ್ ತಂಡಗಳು ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳನ್ನು ನೋಡಿದವು. 81 ಗುಂಪುಗಳು ಫಿನ್ಲೆಂಡ್‌ನವರಿಗಿಂತ, ಯುರೋಪಿನ ಅಶ್ಕೆನಾಜಿ ಯಹೂದಿಗಳಿಗಿಂತ ಚಿಕ್ಕ ಮೂಲದಿಂದ, ಅಂದರೆ ಕೆಲವೇ ಪೂರ್ವಜರಿಂದ, ಬೆಳೆದು ಬಂದವು. ವೈಶ್ಯ ಸಮುದಾಯದಲ್ಲಿ ಶಸ್ತ್ರಚಿಕಿತ್ಸೆಗೆ ಕೊಡುವ ಸಕ್ಸಿನೈಲ್‌ಕೋಲಿನ್ ಅನ್ನುವ ಔಷಧ ಬೇಗ ಇಳಿಯದಂತೆ ಮಾಡುವ ಜೀನ್ ದೋಷ ಬೇರೆಯವರಿಗಿಂತ ನೂರು ಪಟ್ಟು ಜಾಸ್ತಿ. ಅರಿವಳಿಕೆ ವೈದ್ಯರಿಗೆ ಇದು ಗೊತ್ತಿರುವ ವಿಷಯ. ಕೊಲಂಬಿಯಾದಲ್ಲಿ ಒಂದು ಬಳಗ ಇದ್ದರೆ ನಮ್ಮಲ್ಲಿ ಅಂಥ ಬಳಗಗಳು ಊರೂರಿಗೆ. ಕೆಡಿಸುವ ಜೀನ್‌ಗಳೂ, ಕಾಪಾಡುವ ಜೀನ್‌ಗಳೂ ಅಲ್ಲಿ ಒಟ್ಟುಗೂಡಿ ಕೂತಿರಬಹುದು. ‘ದಕ್ಷಿಣ ಏಷ್ಯನ್’ ಅಂತ ಒಂದೇ ಚೀಟಿ ಅಂಟಿಸಿದರೆ ಅದರಲ್ಲಿ ಯಾವುದೂ ಕಾಣುವುದಿಲ್ಲ.

ಇಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 2018ರಿಂದ ಒಂದು ಅಧ್ಯಯನ ನಡೆಸುತ್ತಿದೆ. ಮಾವಿನ ತೋಟಗಳ ಆ ತಾಲೂಕಿನಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳುವ ಗುರಿ. ನೆನಪಿನ ಪರೀಕ್ಷೆ, ರಕ್ತ, ಜೀನ್, ಮೆದುಳಿನ ಎಂಆರ್‌ಐ, ಎಲ್ಲವೂ ಇದೆ. ಒಂದು ಸಲ ನೋಡಿ ಬಿಡುವುದಲ್ಲ, ವರ್ಷಗಳ ಕಾಲ ಮತ್ತೆ ಮತ್ತೆ. ಭಾರತದ 83 ಜನಸಮುದಾಯಗಳ ಹತ್ತು ಸಾವಿರ ಜನರ ಜೀನೋಮ್ ಓದಿದ ‘ಜೀನೋಮ್ ಇಂಡಿಯಾ’ ಯೋಜನೆಯನ್ನು ಮುನ್ನಡೆಸಿದ್ದೂ ಇದೇ ಕೇಂದ್ರ. 2025ರ ಜನವರಿಯಲ್ಲಿ ಆ ಮಾಹಿತಿ ಸಂಶೋಧಕರಿಗೆ ತೆರೆಯಿತು. ಶ್ರೀನಿವಾಸಪುರದ ರೈತರು ಕೊಡುತ್ತಿರುವ ಸಮಯ, ರಕ್ತ, ನಂಬಿಕೆ ದೊಡ್ಡದು. ನನ್ನ ಬೋರ್ಡಿನ ಮೇಲೆ ಐದನೇ ಸಂಖ್ಯೆ ಬರೆಯುವ ಹಕ್ಕು ಅವರಿಗಿದೆ.

ಸಭಿಕರ ಪ್ರಶ್ನೆಗಳು

*ನನ್ನ ಮಗಳು ಅಮೆರಿಕದಲ್ಲಿದ್ದಾಳೆ. ಎಂಜಲು ಕಳಿಸಿ ಜೀನ್ ಟೆಸ್ಟ್ ಮಾಡಿಸಿದಳು. ಒಂದು ಇ4 ಇದೆಯಂತೆ. ತುಂಬಾ ಹೆದರಿದ್ದಾಳೆ.*

ಮನೆಗೇ ಕಳಿಸುವ ಇಂಥ ಪರೀಕ್ಷೆಯಲ್ಲಿ ಅಲ್ಜೈಮರ್ ಅಪಾಯ ತಿಳಿಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಅನುಮತಿ ಕೊಟ್ಟಿತು. ಅವಳ ಹೆದರಿಕೆ ನನಗೆ ಅರ್ಥವಾಗುತ್ತದೆ. ಮೊದಲನೆಯದಾಗಿ, ಒಂದು ಇ4 ಇರುವ ಬಹಳಷ್ಟು ಜನಕ್ಕೆ ಅಲ್ಜೈಮರ್ ಬರುವುದೇ ಇಲ್ಲ. ಇ4 ಇಲ್ಲದ ಬಹಳಷ್ಟು ಜನಕ್ಕೆ ಬರುತ್ತದೆ. ಎರಡನೆಯದಾಗಿ, 2023ರಲ್ಲಿ ಬಂದ ದೊಡ್ಡ ವಿಶ್ಲೇಷಣೆಯಲ್ಲೂ ಒಂದು ಇ4ನ ಅಪಾಯ ಪೂರ್ವ ಏಷ್ಯಾದವರಲ್ಲಿ ಸುಮಾರು ನಾಲ್ಕೂವರೆ ಪಟ್ಟು, ಬಿಳಿಯರಲ್ಲಿ ಮೂರೂವರೆ, ಕಪ್ಪು ಜನರಲ್ಲಿ ಮತ್ತು ಹಿಸ್ಪಾನಿಕ್ ಜನರಲ್ಲಿ ಎರಡರ ಆಸುಪಾಸು. ಆ ಪಟ್ಟಿಯಲ್ಲಿ ನಮ್ಮದು ಅಂತ ಒಂದು ಸಾಲೇ ಇಲ್ಲ. ವರದಿಯಲ್ಲಿ ಶೇಕಡಾವಾರು ಕೊಟ್ಟಿದ್ದರೆ ಅದು ಹೆಚ್ಚಾಗಿ ಯುರೋಪ್ ಮೂಲದವರ ಲೆಕ್ಕ. ಅದನ್ನು ತನ್ನ ಹಣೆಬರಹ ಅಂತ ಓದಬೇಡ ಎಂದು ಅವಳಿಗೆ ಹೇಳಿ.

*ಹಾಗಾದರೆ ಟೆಸ್ಟ್ ಯಾರಿಗೂ ಬೇಡವಾ?*

ಎರಡು ಕಡೆ ಬೇಕು. ಮನೆಯಲ್ಲಿ ಹಲವರಿಗೆ ಐವತ್ತು, ಅರವತ್ತರೊಳಗೇ ಅಲ್ಜೈಮರ್ ಬಂದಿದ್ದರೆ ಅದು ಬೇರೆ ಜೀನ್‌ಗಳ ವಿಷಯ. ಅಂಥವರು ಜೆನೆಟಿಕ್ ಕೌನ್ಸೆಲಿಂಗ್ ಮಾಡಿಸಿಕೊಂಡೇ ಮುಂದುವರಿಯಬೇಕು. ಇನ್ನೊಂದು, ಅಮಿಲಾಯ್ಡ್ ತೆಗೆಯುವ ಹೊಸ ಔಷಧ ಕೊಡುವ ಮೊದಲು. ಅಂಥ ಒಂದು ಔಷಧವಾದ ಲೆಕಾನೆಮ್ಯಾಬ್‌ನ ಪ್ರಯೋಗದಲ್ಲಿ ಮೆದುಳು ಊದಿಕೊಳ್ಳುವ ಅಡ್ಡಪರಿಣಾಮ ಇ4 ಇಲ್ಲದವರಲ್ಲಿ ನೂರಕ್ಕೆ 5.4, ಒಂದು ಇದ್ದವರಲ್ಲಿ 10.9, ಎರಡು ಇದ್ದವರಲ್ಲಿ 32.6. ಅದಕ್ಕೇ ಯುರೋಪಿನಲ್ಲಿ ಎರಡು ಇ4 ಇರುವವರಿಗೆ ಅದನ್ನು ಕೊಡುವಂತಿಲ್ಲ. ಇವೆರಡೂ ಅಲ್ಲದೆ ಬರೀ ಕುತೂಹಲಕ್ಕೆ ಅಂದರೆ ಬೇಡ ಅಂತಲೇ ನನ್ನ ಸಲಹೆ. ಆ ದುಡ್ಡಿಗೆ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಕಿವಿ ತೋರಿಸಿಕೊಳ್ಳಿ. ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನ ಆಯೋಗ 2024ರಲ್ಲಿ ಪಟ್ಟಿ ಮಾಡಿದ 14 ಕಾರಣಗಳಲ್ಲಿ ಇವೆಲ್ಲ ಇವೆ. ಜಗತ್ತಿನ ಡಿಮೆನ್ಶಿಯಾದಲ್ಲಿ ನೂರಕ್ಕೆ 45ರಷ್ಟು ಆ ಹದಿನಾಲ್ಕರ ಪಾಲು.

*ನಮ್ಮಲ್ಲಿ ಸೋದರಮಾವನ ಜೊತೆ, ಅತ್ತೆ ಮಗನ ಜೊತೆ ಮದುವೆ ಜಾಸ್ತಿ. ಇದರಿಂದ ಅಲ್ಜೈಮರ್ ಹೆಚ್ಚುತ್ತದಾ?*

ಒಳ್ಳೆಯ ಪ್ರಶ್ನೆ. ಇ4 ಒಂದೇ ಪ್ರತಿ ಇದ್ದರೂ ಕೆಲಸ ಮಾಡುತ್ತದೆ. ಹಾಗಾಗಿ ಅದಕ್ಕೂ ಸೋದರ ಸಂಬಂಧದ ಮದುವೆಗೂ ನೇರ ನಂಟು ಹಾಕಬೇಡಿ. ಆದರೆ ಎರಡು ಪ್ರತಿ ಸೇರಿದಾಗ ಮಾತ್ರ ಕೆಡಿಸುವ ಬದಲಾವಣೆಗಳೂ ಇವೆ. ಐಸ್‌ಲ್ಯಾಂಡ್‌ನವರನ್ನು ಕಾಪಾಡುವ 673ನೇ ಜಾಗ ಹೇಳಿದೆನಲ್ಲ, ಅದೇ ಜಾಗದಲ್ಲಿ ಬೇರೆ ಅಮೈನೋ ಆಮ್ಲ ಬಂದ ಒಂದು ಕುಟುಂಬ ಇಟಲಿಯಲ್ಲಿ ಸಿಕ್ಕಿತು. ಒಂದು ಪ್ರತಿ ಇದ್ದವರು ಆರಾಮಾಗಿದ್ದರು. ಎರಡು ಪ್ರತಿ ಬಂದವರಿಗೆ ಚಿಕ್ಕ ವಯಸ್ಸಿನಲ್ಲೇ ಡಿಮೆನ್ಶಿಯಾ. ಇಸ್ರೇಲಿನ ಉತ್ತರ ಭಾಗದಲ್ಲಿ ವಾದಿ ಆರಾ ಅನ್ನುವ ಅರಬ್ ಹಳ್ಳಿಗಳಿವೆ. ಅಲ್ಲಿ ಹತ್ತಿರದ ಸಂಬಂಧದಲ್ಲೇ ಮದುವೆ. ಇ4 ತೀರಾ ಕಡಿಮೆ, ಆದರೂ ಅಲ್ಜೈಮರ್ ಬಹಳ ಜಾಸ್ತಿ. ಅದಕ್ಕೇ ಸಂಶೋಧಕರು ಅಲ್ಲಿ ಇ4 ಬಿಟ್ಟು ಬೇರೆ ಜೀನ್‌ಗಳನ್ನು ಹುಡುಕಿದರು. ನಿಮ್ಮ ಮನೆಯಲ್ಲಿ ಹಿರಿಯರಿಗೆ ಮರೆವಿನ ಕಾಯಿಲೆ ಇದ್ದು, ಡಾಕ್ಟರ ಹತ್ತಿರ ಹೋದಾಗ, ಯಾರಿಗೆ ಯಾವ ವಯಸ್ಸಿನಲ್ಲಿ ಶುರುವಾಯಿತು ಅನ್ನುವುದರ ಜೊತೆಗೆ ಅಪ್ಪ ಅಮ್ಮ ಸಂಬಂಧಿಕರಾ ಅನ್ನುವುದನ್ನೂ ಹೇಳಿ. ಅವರು ಕೇಳದಿದ್ದರೂ ಹೇಳಿ.